ಗಿಟಾರಿಗೆ ಅರಗಿನ ಪಾಲಿಶ್: ಗೆಳೆಯನಿಗೊಂದು ಪತ್ರ

ಬಸವನಗುಡಿ, ಬೆಂಗಳೂರು

ಪ್ರಿಯ ಗೆಳೆಯ,

ನಾನು ಕ್ಷೇಮ. ನೀನು ಕಳುಹಿಸಿದ ಚಿತ್ರಗಳನ್ನು ಸಾವಕಾಶವಾಗಿ ನೋಡಿದೆ. ಚಾಮರಾಜಪೇಟೆಯ ನಿಮ್ಮ ಹಳೆಯ ಮನೆಯ ಬಾಗಿಲಿನ ತೇಗವನ್ನು ಎಲೆಕ್ಟ್ರಿಕ್ ಗಿಟಾರಿನ ಬಾಡಿಯಾಗಿ ರೂಪಿಸಿರುವ ರೀತಿ, ಅದರಲ್ಲೂ ಬಲತೋಳು ಒರಗುವ ಅಂಚನ್ನು ಇಳಿಜಾರಾಗಿ ಹೆರೆದಿರುವುದು ನನಗೆ ಬಹಳ ಹಿಡಿಸಿತು. ಉಳಿದಿರುವುದು ಪಾಲಿಶ್ ಒಂದೇ, ಕಾರಿಗೆ ಬಣ್ಣ ಹೊಡೆಯುವವರೊಬ್ಬರು ಕಪ್ಪು ಪಿಯು (ಪಾಲಿಯುರೆಥೇನ್ ಎಂಬ ಪ್ಲಾಸ್ಟಿಕ್ ಲೇಪ) ಸ್ಪ್ರೇ ಮಾಡಿಕೊಡಲು ಒಪ್ಪಿದ್ದಾರೆ, ಅವರಿಗೆ ಕೊಡಲೇ ಎಂದು ಕೇಳಿದ್ದೀಯೆ. ಕೊಡಬೇಡ. ಅರಗಿನ ಪಾಲಿಶ್ ತಯಾರಿಸಿಕೊಂಡು ನಿನ್ನ ಕೈಯಿಂದಲೇ ಹಚ್ಚು.

ಪಿಯುವಿನಿಂದ ನಾದ ಕೆಡುತ್ತದೆ ಎಂಬ ಕಾರಣಕ್ಕೆ ಹೀಗೆ ಹೇಳುತ್ತಿಲ್ಲ. ಎಲೆಕ್ಟ್ರಿಕ್ ಗಿಟಾರಿನಲ್ಲಿ ಉಕ್ಕಿನ ತಂತಿಯು ಪಿಕಪ್ಪಿನ ಅಯಸ್ಕಾಂತದ ಮೇಲೆ ಕಂಪಿಸಿದಾಗ, ಅದರ ಸುತ್ತಲಿನ ತಾಮ್ರದ ಸುರುಳಿಯಲ್ಲಿ ವಿದ್ಯುತ್ತು ಹುಟ್ಟಿ ಆಂಪ್ಲಿಫೈಯರಿಗೆ ಹೋಗುತ್ತದೆ. ಮೇಲುಹಲಗೆಯೇ ಕಂಪಿಸಿ ದನಿ ಕೊಡಬೇಕಾದ ಅಕೂಸ್ಟಿಕ್ ಗಿಟಾರಿನಲ್ಲಿ ಪಾಲಿಶ್ ದಪ್ಪವಾದರೆ ತೊಂದರೆಯುಂಟು. ಒಂದೂಮುಕ್ಕಾಲು ಇಂಚಿನ ಗಟ್ಟಿ ತೇಗದ ಮೇಲೆ ಆ ಚಿಂತೆ ಅನಗತ್ಯ. 1950ರ ದಶಕದಲ್ಲಿ ನೈಟ್ರೋಸೆಲ್ಯುಲೋಸ್ ಲ್ಯಾಕರ್ ಎಂಬ ತೆಳು ಲೇಪ ಬಳಸುತ್ತಿದ್ದ ಫೆಂಡರ್ ಕಂಪನಿ, 1960ರ ದಶಕದ ಕೊನೆಯ ಹೊತ್ತಿಗೆ ದಪ್ಪನೆಯ ಪಾಲಿಯೆಸ್ಟರ್ ಲೇಪಕ್ಕೆ ಬದಲಾಯಿತು. ಎರಡೂ ಕಾಲದ ಗಿಟಾರುಗಳನ್ನು ದೊಡ್ಡ ವಾದಕರು ನುಡಿಸಿದ್ದಾರೆ. ಆದ್ದರಿಂದ ಈ ಆಯ್ಕೆಯನ್ನು ಕೈ ಮತ್ತು ಕಣ್ಣಿನ ಮಾತು ಕೇಳಿ ಮಾಡು.

ಅರಗನ್ನು ನಾನು ಮುಂದಿಡಲು ಮುಖ್ಯ ಕಾರಣ ನಿನ್ನ ಮರ. ತೇಗದೊಳಗೆ ಸಹಜವಾದ ಎಣ್ಣೆಯಂಶವಿದೆ. ಎಣ್ಣೆ ಆಧಾರದ ವಾರ್ನಿಷ್ಗಳು ಅದರ ಮೇಲೆ ಒಣಗಲು ಸತಾಯಿಸುತ್ತವೆ, ಕೆಲವೊಮ್ಮೆ ಅಂಟಂಟಾಗಿಯೇ ಉಳಿದುಬಿಡುತ್ತವೆ. ಅರಗು ಹಾಗಲ್ಲ. ಅದನ್ನು ಕರಗಿಸಿದ ಸ್ಪಿರಿಟ್ ಆರಿಹೋದರೆ ಅದು ಒಣಗಿದಂತೆಯೇ, ಬೇರೆ ಯಾವ ರಾಸಾಯನಿಕ ಕ್ರಿಯೆಗೂ ಅದು ಕಾಯಬೇಕಿಲ್ಲ. ಎರಡನೆಯ ಕಾರಣ ದುರಸ್ತಿ. ಪಿಯು ಒಮ್ಮೆ ಗಟ್ಟಿಯಾದ ಮೇಲೆ ಹೊಸ ಲೇಪ ಹಳೆಯದರೊಳಗೆ ಬೆರೆಯುವುದಿಲ್ಲ, ಬೆಲ್ಟಿನ ಬಕಲ್ ಗೀರಿದ ಜಾಗಕ್ಕೆ ತೇಪೆ ಹಾಕಿದರೆ ಅಂಚು ಕಾಣುತ್ತಲೇ ಇರುತ್ತದೆ. ಅರಗಿನ ಹೊಸ ಲೇಪವಾದರೋ ಹಳೆಯದನ್ನು ಕರಗಿಸಿಕೊಂಡು ಅದರೊಂದಿಗೇ ಒಂದಾಗುತ್ತದೆ. ಹತ್ತು ವರ್ಷಗಳ ನಂತರವೂ ನೀನು ಮನೆಯಲ್ಲೇ ಕುಳಿತು ಗೀರನ್ನು ಮಾಯಿಸಬಹುದು. ಇನ್ನು, ನಿಮ್ಮಜ್ಜನ ಕಾಲದಿಂದ ಬಂದ ಆ ಮರದ ಗೆರೆಗಳನ್ನು ಕಪ್ಪು ಬಣ್ಣದಡಿ ಮುಚ್ಚುವುದನ್ನು ನನ್ನಿಂದ ಒಪ್ಪಲಾಗದು. ಕಿತ್ತಳೆ ಛಾಯೆಯ ಅರಗು ತೇಗದ ಮೇಲೆ ಜೇನಿನ ಬಣ್ಣ ತರುತ್ತದೆ.

ಇಲ್ಲಿಂದ ಸುಮಾರು ಅರವತ್ತು ಕಿಲೋಮೀಟರ್ ದೂರದ ಚನ್ನಪಟ್ಟಣದಲ್ಲಿ ಆಲೆ ಮರದ ಬೊಂಬೆಗಳಿಗೆ ಹಚ್ಚುವುದೂ ಇದೇ ಅರಗನ್ನು. ಅಲ್ಲಿ ತಿರುಗುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತುತ್ತಾರೆ, ಉಜ್ಜುವಿಕೆಯ ಕಾವಿಗೆ ಅರಗು ಕರಗಿ ಹತ್ತಿಕೊಳ್ಳುತ್ತದೆ, ಆಮೇಲೆ ತಾಳೆಗರಿ ಹಿಡಿದು ಹೊಳಪು ತರುತ್ತಾರೆ. ನಿನ್ನ ಗಿಟಾರ್ ಚಪ್ಪಟೆಯಾಗಿರುವುದರಿಂದ ಹಾಗೆ ಮರ ತಿರುಗಿಸುವ ಚರಕಿಗೆ ಏರಿಸಲಾಗದು. ಸ್ಪಿರಿಟ್ಟಿನಲ್ಲಿ ಕರಗಿಸಿದ ಅರಗು, ಅಂದರೆ ಹಳೆಯ ಪೀಠೋಪಕರಣಗಳ ಫ್ರೆಂಚ್ ಪಾಲಿಶ್, ನಿನಗೆ ತಕ್ಕದ್ದು.

ಅರಗಿನ ದೌರ್ಬಲ್ಯವನ್ನೂ ತಿಳಿದುಕೊಂಡಿರು. ಮದ್ಯ ಚೆಲ್ಲಿದರೆ ಕರಗುತ್ತದೆ, ಬಿಸಿ ಲೋಟ ಇಟ್ಟರೆ ಬಿಳಿಯ ಕಲೆ ಬೀಳುತ್ತದೆ, ಸದಾ ಬೆವರುವ ಕೈಗೆ ಕ್ರಮೇಣ ಮೆತ್ತಗಾಗುತ್ತದೆ. ಆದ್ದರಿಂದ ಎಡಗೈ ಸದಾ ಜಾರುವ ಮೇಪಲ್ ನೆಕ್ಕಿನ ಹಿಂಬದಿಗೆ ಅರಗು ಬೇಡ. ಅಲ್ಲಿ ಅಗಸೆ ಬೀಜದ ಎಣ್ಣೆಯಾದ ಬಾಯಿಲ್ಡ್ ಲಿನ್‌ಸೀಡ್ ಆಯಿಲ್ ತೆಳ್ಳಗೆ ಸವರಿ, ಹತ್ತು ಹದಿನೈದು ನಿಮಿಷ ಬಿಟ್ಟು, ಮೇಲೆ ಉಳಿದದ್ದನ್ನೆಲ್ಲ ಒರೆಸಿ ತೆಗೆ. ಬೆರಳೊತ್ತುವ ಬೀಟೆ ಮರದ ಫಿಂಗರ್‌ಬೋರ್ಡಿಗೆ ಒಂದೆರಡು ಹನಿ ಎಣ್ಣೆ ಸಾಕು. ಒಂದು ಎಚ್ಚರಿಕೆಯನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡ: ಲಿನ್‌ಸೀಡ್ ಎಣ್ಣೆ ಒರೆಸಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆದರೆ, ಎಣ್ಣೆ ಗಾಳಿಯೊಂದಿಗೆ ಕೂಡುವಾಗ ಹುಟ್ಟುವ ಶಾಖ ಒಳಗೇ ಸೇರಿ ಬಟ್ಟೆ ತಾನಾಗಿ ಹೊತ್ತಿಕೊಳ್ಳಬಹುದು. ಕೆಲಸ ಮುಗಿದ ಕೂಡಲೇ ಅದನ್ನು ನೀರಿನಲ್ಲಿ ಅದ್ದಿಬಿಡು, ಇಲ್ಲವೇ ಹೊರಗೆ ಒಂದೇ ಪದರವಾಗಿ ಹರಡಿ ಒಣಗಿಸು.

ಇನ್ನು ಕ್ರಮ. ತಂತಿಗಳನ್ನು ಹಿಡಿದಿಡುವ ಬ್ರಿಡ್ಜಿನ ಸ್ಕ್ರೂಗಳ ತೂತುಗಳನ್ನೂ ಸೇರಿಸಿ ಎಲ್ಲ ತೂತುಗಳನ್ನು ಮೊದಲೇ ಕೊರೆದುಕೋ. ಪಾಲಿಶ್ ಆದ ಮೇಲೆ ಕೊರೆದರೆ ಲೇಪ ಚಕ್ಕೆಯೇಳುತ್ತದೆ. ನೆಕ್ ಕೂರುವ ಗುಳಿಗೆ ಟೇಪ್ ಅಂಟಿಸಿ ಬರಿಯ ಮರವನ್ನೇ ಉಳಿಸು, ಏಕೆಂದರೆ ಅಲ್ಲಿ ಲೇಪ ಕೂತರೆ ನೀನು ಅಷ್ಟು ಶ್ರದ್ಧೆಯಿಂದ ಹೊಂದಿಸಿದ ಅಳತೆ ಬಿಗಿಯಾಗಿಬಿಡುತ್ತದೆ. ಆಮೇಲೆ 120, 180, 220, 320 ನಂಬರಿನ ಉಪ್ಪುಕಾಗದದಿಂದ ಗೆರೆಯ ದಿಕ್ಕಿನಲ್ಲಿ ಉಜ್ಜುತ್ತಾ ಹೋಗು, ಮೂಗಿಗೆ ಮಾಸ್ಕ್ ಇರಲಿ. ಕೊನೆಯ ಸುತ್ತಿಗೆ ಮುಂಚೆ ಒದ್ದೆ ಬಟ್ಟೆಯಲ್ಲಿ ಒಮ್ಮೆ ಒರೆಸಿ ಒಣಗಲು ಬಿಟ್ಟರೆ ಅಡಗಿದ್ದ ನಾರುಗಳು ಎದ್ದು ನಿಲ್ಲುತ್ತವೆ, ಅವನ್ನೂ ಉಜ್ಜಿ ತೆಗೆಯಬಹುದು.

ಅರಗಿನ ಚಕ್ಕೆ 60 ಗ್ರಾಂ, ಸ್ಪಿರಿಟ್ 250 ಮಿಲಿಲೀಟರ್: ಈ ಪ್ರಮಾಣದಲ್ಲಿ ಗಾಜಿನ ಬಾಟಲಿಯಲ್ಲಿ ರಾತ್ರಿ ನೆನೆಹಾಕಿ, ಮರುದಿನ ತೆಳುಬಟ್ಟೆಯಲ್ಲಿ ಸೋಸಿಕೋ. ಒಂದು ಹನಿಯನ್ನು ಗಾಜಿನ ಮೇಲೆ ಹಾಕಿ ನೋಡು, ಗಟ್ಟಿಯಾಗದೆ ಅಂಟಾಗಿಯೇ ಉಳಿದರೆ ಅರಗು ಹಳೆಯದು ಎಂದರ್ಥ, ಅದನ್ನು ಬಳಸಬೇಡ. ಮೊದಲ ಲೇಪಕ್ಕೆ ಅಷ್ಟೇ ಸ್ಪಿರಿಟ್ ಬೆರೆಸಿ ತೆಳುಮಾಡಿದ್ದನ್ನು ಹಚ್ಚಿದರೆ ಮರ ಚೆನ್ನಾಗಿ ಕುಡಿಯುತ್ತದೆ. ಹಚ್ಚಲು ಬ್ರಷ್ ಬೇಡ. ಹತ್ತಿಯ ಉಂಡೆಯನ್ನು ತೊಳೆದು ತೊಳೆದು ಮೆದುವಾದ ಪಂಚೆಯ ತುಂಡಿನಲ್ಲಿ ಸುತ್ತಿಕೋ. ಉಂಡೆ ತೇವವಾಗಿರಬೇಕೇ ಹೊರತು ತೊಟ್ಟಿಕ್ಕಬಾರದು. ವಿಮಾನ ನೆಲ ಮುಟ್ಟುವಂತೆ ಚಲಿಸುತ್ತಲೇ ಮರವನ್ನು ಸ್ಪರ್ಶಿಸಿ, ಚಲಿಸುತ್ತಲೇ ಮೇಲೇಳಬೇಕು. ನಡುವೆ ಕ್ಷಣಕಾಲ ನಿಂತರೂ ಕೆಳಗಿನ ಪದರ ಕರಗಿ ಗುರುತು ಬೀಳುತ್ತದೆ. ತೇಗದ ರಂಧ್ರಗಳು ದೊಡ್ಡವು. ಮೊದಮೊದಲು ನುಣ್ಣನೆಯ ಪ್ಯೂಮಿಸ್ (ಜ್ವಾಲಾಮುಖಿಯ ಹಗುರ ಕಲ್ಲು) ಪುಡಿಯನ್ನು ಚಿಟಿಕೆಯಷ್ಟು ಉದುರಿಸಿ ಸುತ್ತು ಸುತ್ತಾಗಿ ಉಜ್ಜಿದರೆ, ಪುಡಿ, ಮರದ ಧೂಳು ಮತ್ತು ಅರಗು ಸೇರಿ ಅವನ್ನು ತುಂಬುತ್ತವೆ. ಈ ಹಂತ ನಿಧಾನ. ಆದರೆ ಓರೆಯಾಗಿ ಬಿದ್ದ ಬೆಳಕಿನಲ್ಲಿ ಮೇಲ್ಮೈ ಒಂದೇ ಸಮನಾಗುತ್ತಾ ಬರುವುದನ್ನು ನೋಡುವ ಸಂತೋಷ ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು, ನಿನಗೂ ಅದು ಸಿಗಲಿ.

ಮಳೆಗಾಲದಲ್ಲಿ ಮಾತ್ರ ತೊಡಗಬೇಡ. ಸ್ಪಿರಿಟ್ ಆರುವಾಗ ಮೇಲ್ಮೈ ತಣ್ಣಗಾಗಿ ಗಾಳಿಯ ತೇವ ಅಲ್ಲಿ ಕೂರುತ್ತದೆ, ಲೇಪ ಮಂಜು ಮುಸುಕಿದಂತೆ ಬೆಳ್ಳಗಾಗುತ್ತದೆ. ನಮ್ಮ ಊರಿನಲ್ಲಿ ಸಂಕ್ರಾಂತಿಯಿಂದ ಯುಗಾದಿಯವರೆಗಿನ ಒಣ ಹವೆ ಇದಕ್ಕೆ ಹೇಳಿ ಮಾಡಿಸಿದ್ದು. ಕೊನೆಯ ಲೇಪದ ನಂತರ ಎರಡು ಮೂರು ವಾರ ಗಿಟಾರನ್ನು ಗಾಳಿಯಾಡುವ ಕೋಣೆಯಲ್ಲಿ ತೂಗುಹಾಕು. ಮುಟ್ಟಿದರೆ ಒಣಗಿದಂತೆ ಅನಿಸಿದರೂ ಒಳಗೆ ಇನ್ನೂ ಮೆತ್ತಗಿರುತ್ತದೆ, ಅವಸರದಲ್ಲಿ ಬ್ರಿಡ್ಜನ್ನು ಬಿಗಿದರೆ ಅದರ ಅಚ್ಚು ಮೂಡುತ್ತದೆ. ಆಮೇಲೆ ತೆಳುವಾಗಿ ಮೇಣ ಹಚ್ಚಿ ಒರೆಸಿದರೆ ಮುಗಿಯಿತು.

ಬಾಗಿಲು ಕತ್ತರಿಸಿದಾಗ ಉಳಿದ ತುಂಡುಗಳನ್ನು ಎಸೆದಿಲ್ಲ ತಾನೇ? ಶನಿವಾರ ಅವನ್ನು ಹಿಡಿದುಕೊಂಡು ಬಾ. ಎಸ್.ಜೆ.ಪಿ. ರಸ್ತೆಯಲ್ಲಿ ಚಕ್ಕೆ, ಸ್ಪಿರಿಟ್ ಕೊಂಡು ತಂದು, ಗಿಟಾರನ್ನು ಮುಟ್ಟುವ ಮೊದಲು ಆ ತುಂಡುಗಳ ಮೇಲೆ ಇಬ್ಬರೂ ಕೂತು ಹಚ್ಚಿ ನೋಡೋಣ.

ನಿನ್ನ ಗೆಳೆಯ