ಎ.ಸಿ. ಇದ್ದ ಮಾತ್ರಕ್ಕೆ ಗಾಳಿ ಶುದ್ಧವೇ?

ಮಾನ್ಯರೇ,

ದಂತ ಚಿಕಿತ್ಸಾಲಯದಲ್ಲಿ ಬಾಯಿ ತೆರೆದು ಮಲಗಿದ್ದ ರೋಗಿಯ ಮುಖದ ಮೇಲೆ ಎ.ಸಿ. ನೀರು ಸುರಿದ ಸುದ್ದಿ ನಿನ್ನೆ ನಿಮ್ಮ ಪತ್ರಿಕೆಯಲ್ಲಿ ಬಂದಿದೆ. ‘ತಾಂತ್ರಿಕ ದೋಷ, ಸರಿಪಡಿಸಿದ್ದೇವೆ’ ಎಂಬ ಚಿಕಿತ್ಸಾಲಯದವರ ಉತ್ತರವನ್ನೂ ಹಾಗೆಯೇ ಅಚ್ಚು ಹಾಕಿದ್ದೀರಿ. ಯಾವ ದೋಷ ಎಂದು ಒಂದು ಮಾತು ಕೇಳಬಾರದಿತ್ತೇ? ಎ.ಸಿ.ಯೊಳಗೆ ನೀರು ಸೇರುವ ಟ್ರೇಯಲ್ಲಿ ಲೋಳೆ ಬೆಳೆದು, ಆ ನೀರನ್ನು ಹೊರಬಿಡುವ ಡ್ರೈನ್ ಪೈಪ್ ಕಟ್ಟಿಕೊಂಡರೆ, ಇಲ್ಲವೇ ಪೈಪಿಗೆ ಇಳಿಜಾರು ಇಲ್ಲದಿದ್ದರೆ ನೀರು ತುಂಬಿ ಕೆಳಗೆ ಬೀಳಲೇಬೇಕು. ಫಿಲ್ಟರಿನಲ್ಲಿ ದೂಳು ತುಂಬಿದರೂ ಅಷ್ಟೆ: ಗಾಳಿಯ ಹರಿವು ಕಡಿಮೆಯಾಗಿ, ಗಾಳಿ ತಂಪು ಮಾಡುವ ಕೊಳವೆಗಳ ಸುರುಳಿಯಾದ ಕಾಯಿಲ್ ಮೇಲೆ ಮಂಜುಗಡ್ಡೆ ಕೂರುತ್ತದೆ, ಕರಗಿದಾಗ ಒಮ್ಮೆಲೇ ಸುರಿಯುತ್ತದೆ. ಪೈಪಿಗೆ ಮೀಟರಿಗೊಂದು ಸೆಂಟಿಮೀಟರ್ ಇಳಿಜಾರು, ಎರಡು ವಾರಕ್ಕೊಮ್ಮೆ ಫಿಲ್ಟರ್ ತೊಳೆಯುವುದು, ಆಗಾಗ ಟ್ರೇ ಉಜ್ಜುವುದು. ಇಷ್ಟು ಮಾಡದ್ದಕ್ಕೆ ಅರ್ಧ ಕೊರೆದ ಹಲ್ಲಿಗೆ ಹತ್ತಿ ತುರುಕಿ ‘ನಾಳೆ ಬನ್ನಿ’ ಎನ್ನುತ್ತಾರೆ. ರಜೆ ಹಾಕಿ ಬಂದವರು, ನೋವಿನಲ್ಲಿ ರಾತ್ರಿಯಿಡೀ ನಿದ್ದೆಗೆಟ್ಟವರು, ಮಕ್ಕಳನ್ನು ಎತ್ತಿಕೊಂಡು ಕಾದವರು ಎಲ್ಲರೂ ವಾಪಸು!

ನೀರು ಕಣ್ಣಿಗೆ ಕಂಡಿತು, ಸುದ್ದಿಯಾಯಿತು. ಗಾಳಿಯನ್ನು ಕೇಳುವವರು ಯಾರು? ಗೋಡೆಗೆ ಹಾಕುವ ಸ್ಪ್ಲಿಟ್ ಎ.ಸಿ. ಹೊರಗಿನ ಗಾಳಿ ತರುವುದಿಲ್ಲ, ಕೋಣೆಯ ಗಾಳಿಯನ್ನೇ ತಿರುಗಿಸಿ ತಂಪು ಮಾಡುತ್ತದೆ. ಹಲ್ಲು ಕೊರೆಯುವಾಗ ಎದ್ದ ಎಂಜಲಿನ ಸೂಕ್ಷ್ಮ ಹನಿಗಳು ಮುಂದಿನ ರೋಗಿಗೂ ಕಾದಿರುತ್ತವೆ. ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಕೋಷ್ಟಕದ ಪ್ರಕಾರ, ಗಂಟೆಗೆ 2 ಸಲ ಗಾಳಿ ಬದಲಾಗುವ ಕೋಣೆಯಿಂದ ಇಂಥ ಕಣಗಳಲ್ಲಿ ಶೇ 99ರಷ್ಟು ಹೋಗಲು 138 ನಿಮಿಷ ಬೇಕು. 6 ಸಲವಾದರೆ 46, 12 ಸಲವಾದರೆ 23 ನಿಮಿಷ. 4 ಮೀಟರ್ ಉದ್ದ, ತಲಾ 3 ಮೀಟರ್ ಅಗಲ ಮತ್ತು ಎತ್ತರದ ಕೋಣೆಯಲ್ಲಿ 36 ಘನ ಮೀಟರ್ ಗಾಳಿ ಇರುತ್ತದೆ. 6 ಸಲ ಬದಲಾಗಲು ಎಕ್ಸಾಸ್ಟ್ ಫ್ಯಾನ್ ಗಂಟೆಗೆ 216 ಘನ ಮೀಟರ್ ಎಳೆಯಬೇಕು. ಫ್ಯಾನಿನ ಗಾಳಿ ಹೊರಹೋಗುವ ಪೈಪ್ ಉದ್ದವಾಗಿ ಎರಡು ತಿರುವು ಬಂದರೆ ಫ್ಯಾನಿನ ಡಬ್ಬಿಯ ಮೇಲೆ ಬರೆದಷ್ಟು ಎಳೆಯುವುದಿಲ್ಲ, ದೊಡ್ಡದನ್ನೇ ಹಾಕಬೇಕು. ಕಾಯುವ ಕೋಣೆಯಿಂದ ಚಿಕಿತ್ಸೆಯ ಕೋಣೆಗೆ, ಅಲ್ಲಿಂದ ಹೊರಕ್ಕೆ ಗಾಳಿ ಹೋಗಬೇಕು. ಮುಚ್ಚಿದ ಬಾಗಿಲ ಕೆಳಸಂದಿಗೆ ತೆಳು ಕಾಗದದ ಚೂರು ಹಿಡಿಯಿರಿ: ಚಿಕಿತ್ಸೆಯ ಕೋಣೆಯ ಕಡೆಗೆ ವಾಲಿದರೆ ಸರಿ, ಕಾದು ಕೂತವರ ಕಡೆಗೆ ವಾಲಿದರೆ ತಪ್ಪು.

ತೇವಾಂಶದ್ದು ಇನ್ನೊಂದು ಗೋಳು. ಒಂದು ಟನ್ ಸಾಕಾಗುವ ಕಡೆ ಎರಡು ಟನ್ ಎ.ಸಿ. ಹಾಕಿದರೆ ಕೋಣೆ ಬೇಗ ತಣ್ಣಗಾಗಿ ಕಂಪ್ರೆಸರ್ ನಿಂತುಬಿಡುತ್ತದೆ. ತೇವ ಎಳೆಯಲು ಸಮಯವೇ ಸಿಗುವುದಿಲ್ಲ. ಆಗಲೂ ಫ್ಯಾನ್ ತಿರುಗುತ್ತಿದ್ದರೆ ಕಾಯಿಲ್ ಮೇಲಿನ ನೀರು ಆರಿ ಮತ್ತೆ ಕೋಣೆಗೇ ಬರುತ್ತದೆ. ಅಲ್ಲೇ ಮೂಲೆಯಲ್ಲಿ ಉಪಕರಣಗಳನ್ನು ಹಬೆಯಿಂದ ಶುದ್ಧ ಮಾಡುವ ಆಟೋಕ್ಲೇವ್ ಹಬೆ ಬಿಡುತ್ತಿರುತ್ತದೆ. ಗೋಡೆಗೆ ಬೂಷ್ಟು ಹಿಡಿಯದೆ ಇನ್ನೇನಾಗುತ್ತದೆ? ಶುದ್ಧ ಮಾಡಿದ ಉಪಕರಣ ಇಡುವ ಪೌಚ್ (ಮುಚ್ಚಿದ ಚೀಲ) ತೇವಗೊಂಡರೆ ಅದರೊಳಗಿನ ಉಪಕರಣವನ್ನು ಶುದ್ಧವೆಂದು ನಂಬುವಂತಿಲ್ಲ. ತೇವಾಂಶ ಶೇ 60 ದಾಟಬಾರದು. ಇದನ್ನು ತೋರಿಸುವ ಅಂಗೈ ಅಗಲದ ಮೀಟರ್ ಎಷ್ಟು ಚಿಕಿತ್ಸಾಲಯಗಳ ಗೋಡೆಯಲ್ಲಿದೆ? ಚಳಿಗೆ ಹೀಟರ್ ಹಚ್ಚಿ ಶೇ 30ಕ್ಕಿಂತ ಕೆಳಗಿಳಿಸಿದರೆ ರೋಗಿಯ ಗಂಟಲು ಒಣಗುತ್ತದೆ, ಅದೂ ಬೇಡ.

ಪರವಾನಗಿ ಕೊಡುವ ಅಧಿಕಾರಿಗಳು ಇದನ್ನೆಲ್ಲ ನೋಡುತ್ತಾರೆಯೇ? ಹೊರಗಿನ ಫಲಕದ ಅಳತೆ ನೋಡುತ್ತಾರೆ, ಕಡತ ನೋಡುತ್ತಾರೆ, ಹೋಗುತ್ತಾರೆ. ರೋಗಿಯ ಬಾಯಿಂದ ಎಂಜಲು ಎಳೆಯುವ ಸಕ್ಷನ್ ಪಂಪಿನ ಗಾಳಿಯನ್ನು ಓಣಿಯಂಥ ಒಳದಾರಿಗೇ ಬಿಟ್ಟಿದ್ದಾರೆಂದು ದೂರಿದಾಗಲೂ, ಜನರೇಟರಿನ ಹೊಗೆ ಕಿಟಕಿಯಿಂದ ಒಳಗೆ ಬರುತ್ತಿದೆ ಎಂದಾಗಲೂ ‘ಪರಿಶೀಲಿಸುತ್ತೇವೆ’ ಎಂಬ ಉತ್ತರವೇ ಬಂದದ್ದು. ಅರ್ಜಿ ಒಂದು ಮೇಜಿನಿಂದ ಇನ್ನೊಂದಕ್ಕೆ ಹೋಯಿತು, ಹೊಗೆ ಮಾತ್ರ ಕದಲಲಿಲ್ಲ.

ಎಲ್ಲ ಚಿಕಿತ್ಸಾಲಯಗಳ ಗಾಳಿಯನ್ನು ಕೂಡಲೇ ಅಳೆಯಲಿ. ಅಳೆಯಲು ಬಾರದಿದ್ದರೆ ಬಲ್ಲವರನ್ನು ಕಳಿಸಲಿ. ಬಾಯಿ ತೆರೆದು ಮಲಗಿದವರು ಉಸಿರು ಬಿಗಿಹಿಡಿಯಲಾರರು, ಎದ್ದು ಓಡಲಾರರು. ಇಷ್ಟು ತಿಳಿಯದವರು ಸಹಿ ಹಾಕುವ ಕೆಲಸವನ್ನಾದರೂ ಬಿಡಲಿ.

– ನೊಂದ ಓದುಗ