ಸೊನ್ನೆಗೆ ಬಾರದ ಮುಳ್ಳು: ಮಗಳಿಗೊಂದು ಪತ್ರ

ಪ್ರೀತಿಯ ಮಗಳೇ,

ಮೊನ್ನೆ ಫೋನಿನಲ್ಲಿ ನಾವಿಬ್ಬರೂ ಆಡಿದ ಮಾತುಗಳನ್ನು ಇಲ್ಲಿ ಮತ್ತೆ ಬರೆಯುವುದಿಲ್ಲ. ಅವು ನಿನಗೂ ನೆನಪಿವೆ, ನನಗೂ ನೆನಪಿವೆ. ಆದರೆ ಕೊನೆಯಲ್ಲಿ, "ಒಂದನ್ನು ಕೆಡಿಸಿದ್ದು ಸಾಲದೇ?" ಎಂದು ನಾನು ಎತ್ತಿ ಆಡಿದೆನಲ್ಲ, ಆ ಮಾತು ಸುಳ್ಳು. ನೀನು ಬಿಡ್ ಮಾಡಬೇಕೆಂದಿರುವ ಕ್ರೋನೋಗ್ರಾಫ್‌ನ, ಅಂದರೆ ಸ್ಟಾಪ್‌ವಾಚ್ ಕೂಡ ಇರುವ ಆ ಕೈಗಡಿಯಾರದ, ಹರಾಜು ಭಾನುವಾರ ರಾತ್ರಿ ಮುಗಿಯುತ್ತದೆ. ಅಷ್ಟರೊಳಗೆ ಈ ಪತ್ರ ನಿನ್ನ ಕೈ ಸೇರಲಿ ಎಂದು ಅವಸರದಿಂದ ಬರೆಯುತ್ತಿದ್ದೇನೆ.

ನಿನಗೆ ಆಗ ಒಂಬತ್ತು ವರ್ಷ. ಆನ್‌ಲೈನ್ ಹರಾಜಿನಲ್ಲಿ ನಾನು ಗೆದ್ದುಕೊಂಡ ಹಳೆಯ ಕ್ರೋನೋಗ್ರಾಫ್ ಮೇಜಿನ ಮೇಲಿತ್ತು. ಮೇಲಿನ ಗುಂಡಿ ಒತ್ತಿದರೆ ನಡುವಿನ ಉದ್ದ ಮುಳ್ಳು ಹೊರಡುತ್ತದೆ, ಮತ್ತೆ ಒತ್ತಿದರೆ ನಿಲ್ಲುತ್ತದೆ, ಕೆಳಗಿನ ಗುಂಡಿ ಒತ್ತಿದರೆ ಸೊನ್ನೆಗೆ ಮರಳುತ್ತದೆ ಎಂದು ನಾನೇ ಹೇಳಿಕೊಟ್ಟಿದ್ದೆ, ನೀನು ಹಾಗೆಯೇ ಒತ್ತಿದೆ. ಮುಳ್ಳು ಹನ್ನೆರಡರ ಗೆರೆಗೆ ಬಾರದೆ ನಾಲ್ಕು ಸೆಕೆಂಡ್ ಆಚೆ ನಿಂತಿತು. ಹೆದರಿ ಇನ್ನೊಮ್ಮೆ ನಡೆಸಿ ನೋಡಿದೆ, ಆಗ ಏಳರ ಬಳಿ ನಿಂತಿತು. ನಾನು ಹೇಗೆ ಕೂಗಾಡಿದೆ ಎಂಬುದನ್ನು ನೀನು ಮರೆತಿರಲಾರೆ. ನಿನಗೆ ಗೊತ್ತಿಲ್ಲದ್ದು ಇಷ್ಟು: ಪಾರ್ಸೆಲ್ ಬಿಚ್ಚಿದ ದಿನವೇ ಆ ಮುಳ್ಳು ಒಂದೆರಡು ಸೆಕೆಂಡ್ ತಪ್ಪಿ ನಿಂತದ್ದನ್ನು ನಾನು ಕಂಡಿದ್ದೆ, ಹಳೆಯ ವಸ್ತುವಲ್ಲವೇ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡಿದ್ದೆ.

ಮಂಗಳವಾರ ಗಡಿಯಾರವನ್ನು ರಿಪೇರಿಯವರ ಬಳಿ ಒಯ್ದೆ. ಅವರು ಹಿಂದಿನ ಮುಚ್ಚಳ ತೆಗೆದು, ಭೂತಗನ್ನಡಿಯನ್ನು ನನ್ನ ಕೈಗೇ ಕೊಟ್ಟು ತೋರಿಸಿದರು. ಕೆಳಗಿನ ಗುಂಡಿ ಒತ್ತಿದಾಗ ಪುಟ್ಟದೊಂದು ಸುತ್ತಿಗೆ ಹೃದಯದ ಆಕಾರದ ಬಿಲ್ಲೆಯ ಮೇಲೆ ಬೀಳುತ್ತದೆ. ಬಿಲ್ಲೆ ಯಾವ ದಿಕ್ಕಿನಲ್ಲಿದ್ದರೂ ಆ ಏಟಿಗೆ ತಿರುಗಿ ಒಂದೇ ಜಾಗದಲ್ಲಿ ನಿಲ್ಲುತ್ತದೆ, ಅದರ ಕಡ್ಡಿಗೆ ಸಿಕ್ಕಿಸಿದ ಮುಳ್ಳೂ ಜೊತೆಯಲ್ಲಿ ಬರಬೇಕು. ಬಿಲ್ಲೆ ಸರಿಯಾಗಿಯೇ ಬರುತ್ತಿತ್ತು. ಮುಳ್ಳು ಮಾತ್ರ ಬೇರೆ ಯಾವುದೋ ಗಡಿಯಾರದ್ದು, ಅದರ ತೂತು ಕಡ್ಡಿಗಿಂತ ಕೂದಲೆಳೆಯಷ್ಟು ದೊಡ್ಡದು, ಆದ್ದರಿಂದ ಪ್ರತಿ ಏಟಿಗೂ ಜಾರುತ್ತಿತ್ತು. ಡಯಲ್ಲಿಗೂ ಹೊಸದಾಗಿ ಬಣ್ಣ ಹಚ್ಚಿ ಗೆರೆ ಎಳೆದಿದ್ದರು. ಕೆಲವು ಗೆರೆ ದಪ್ಪ, ಕೆಲವು ಸಣ್ಣ.

ನಿನ್ನ ಬೆರಳಿನಿಂದ ಏನೂ ಕೆಟ್ಟಿರಲಿಲ್ಲ. ಬುಧವಾರ ಸಂಜೆ ನೀನು ನಿನ್ನ ಹುಂಡಿಯನ್ನು ತಂದು ನನ್ನ ಮುಂದಿಟ್ಟು, "ರಿಪೇರಿಗೆ ಅಮ್ಮಾ" ಎಂದೆ. ನಾನು ಅದನ್ನು ತೆಗೆದುಕೊಂಡೆ. ಹಿಂದಿನ ದಿನವೇ ಎಲ್ಲ ತಿಳಿದಿದ್ದರೂ ತೆಗೆದುಕೊಂಡೆ, ಮಗಳೇ. ಇಷ್ಟು ಹಣ ಸುರಿದು ಮೋಸಹೋದೆ ಎಂದು ಮನೆಯವರ ಮುಂದೆ ಒಪ್ಪಿಕೊಳ್ಳಲಾರದೆ ತಪ್ಪನ್ನು ಮಗುವಿನ ತಲೆಗೆ ಕಟ್ಟಿದೆ. ಸರಿಯಾದ ಮುಳ್ಳು ಸಿಗದೆ ರಿಪೇರಿಯೂ ಆಗಲಿಲ್ಲ, ಹುಂಡಿಯ ಹಣ ನಿನಗೆ ಹಿಂದಿರುಗಲೂ ಇಲ್ಲ. ಅದಾದ ಮೇಲೆ ಎಷ್ಟೋ ವರ್ಷ ನೀನು ನನ್ನ ಗಡಿಯಾರಗಳ ಪೆಟ್ಟಿಗೆಯ ಹತ್ತಿರ ಬರುವಾಗ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಳ್ಳುತ್ತಿದ್ದೆ. ನಾನು ಅದನ್ನು ನೋಡುತ್ತಲೇ ಇದ್ದೆ. ನನ್ನನ್ನು ಕ್ಷಮಿಸು.

ಹಾಗಿದ್ದ ನೀನು, ಈಗ ಹರಾಜಿಗಿರುವ ಗಡಿಯಾರದ ಒಳಗಿನ ಫೋಟೋ ನೋಡಿ, ಇದು ವಾಲ್ಜೂ 72 ಎಂಬ ಸ್ವಿಸ್ ಯಂತ್ರ, ಗುಂಡಿ ಒತ್ತಿದಾಗ ಮುಳ್ಳನ್ನು ನಡೆಸಿ ನಿಲ್ಲಿಸುವುದು ಇದರಲ್ಲಿ ತಟ್ಟೆಯಂಥ ಕ್ಯಾಮ್ ಅಲ್ಲ, ಪುಟ್ಟ ಕಂಬಗಳಿರುವ ಚಕ್ರವಾದ ಕಾಲಮ್ ವ್ಹೀಲ್ ಎಂದು ಗುರುತಿಸಿದೆಯಲ್ಲ, ಫೋನ್ ಇಟ್ಟ ಮೇಲೆ ನನಗೆ ಎಷ್ಟು ಹೆಮ್ಮೆಯಾಯಿತೆಂದು ಹೇಳಲಾರೆ. ಗಂಟೆಗೆ 18,000 ಬಡಿತವೆಂದರೆ ಸೆಕೆಂಡಿಗೆ ಐದು ಹೆಜ್ಜೆ ಎಂದು ಲೆಕ್ಕ ಹಾಕಿ, ಮುಳ್ಳು ಹೊರಡುವಾಗ ನಡುಗುತ್ತದೆಯೇ ಎಂದು ವಿಡಿಯೊವನ್ನು ನಿಧಾನವಾಗಿ ಓಡಿಸಿ ನೋಡುವ ಬುದ್ಧಿ ನನಗೆ ಆಗ ಇರಲಿಲ್ಲ.

ಈ ವಿಷಯದಲ್ಲಿ ನಿನಗೆ ಉಪದೇಶ ಮಾಡುವ ಅಧಿಕಾರ ನನಗಿಲ್ಲ, ಆದರೂ ಹೇಳದೆ ಇರಲಾರೆ. ಮುಳ್ಳು ಸೊನ್ನೆಗೆ ಮರಳುವುದನ್ನು ಒಂದು ಸಲ ತೋರಿಸಿದರೆ ಒಪ್ಪಬೇಡ. ಹತ್ತು ಸೆಕೆಂಡಿನಿಂದ, ಮೂವತ್ತರಿಂದ, ಐವತ್ತರಿಂದ ಮರಳಿಸಿ ತೋರಿಸುವಂತೆ ಕೇಳು. ನಿನ್ನ ಮಿತಿಯನ್ನು ಈಗಲೇ ಕಾಗದದ ಮೇಲೆ ಬರೆದಿಡು, ಕೊನೆಯ ನಿಮಿಷದಲ್ಲಿ ಬೆರಳು ಮನಸ್ಸಿನ ಮಾತು ಕೇಳುವುದಿಲ್ಲ. ಕೂಗಿದ ಬೆಲೆಯ ಮೇಲೆ ಹರಾಜಿನವರ ಕಮಿಷನ್ ಬೀಳುತ್ತದೆ ಎಂಬುದನ್ನೂ ಆ ಮಿತಿಯೊಳಗೇ ಸೇರಿಸಿಕೊ. ನಟ ಪಾಲ್ ನ್ಯೂಮನ್ ಕಟ್ಟುತ್ತಿದ್ದ ರೋಲೆಕ್ಸ್ ಡೇಟೋನಾ 2017ರಲ್ಲಿ ನ್ಯೂಯಾರ್ಕ್‌ನಲ್ಲಿ ಹರಾಜಾದಾಗ ಹರಾಜಿನವರ ಸುತ್ತಿಗೆ ಬಿದ್ದದ್ದು 1 ಕೋಟಿ 55 ಲಕ್ಷ ಡಾಲರಿಗೆ, ಕೊಂಡವರು ತೆತ್ತದ್ದು 1 ಕೋಟಿ 77 ಲಕ್ಷಕ್ಕೂ ಹೆಚ್ಚು. ಅದರೊಳಗೆ ಇದ್ದದ್ದೂ ವಾಲ್ಜೂ 72ರ ವಂಶದ ಯಂತ್ರವೇ.

ಇನ್ನೊಂದು ಭಯ ನನ್ನನ್ನು ಬಿಡುತ್ತಿಲ್ಲ. ಡಯಲ್ಲಿನ ಬುಡದಲ್ಲಿ "ಸ್ವಿಸ್" ಎಂಬುದರ ಎರಡು ಬದಿಗೂ "ಟಿ" ಅಕ್ಷರವಿದ್ದರೆ ಹೊಳೆಯುವ ಬಣ್ಣ ಟ್ರಿಟಿಯಂ ಎಂಬ ವಿಕಿರಣ ವಸ್ತುವಿನದು. ಅದರ ಅರ್ಧಾಯು, ಅಂದರೆ ಅದು ಅರ್ಧಕ್ಕೆ ಇಳಿಯಲು ಬೇಕಾದ ಕಾಲ, ಸುಮಾರು 12.3 ವರ್ಷವಾದ್ದರಿಂದ, 1960ರ ದಶಕದ ಗಡಿಯಾರವೊಂದು ಇಂದಿಗೂ ಕತ್ತಲಲ್ಲಿ ಚೆನ್ನಾಗಿ ಬೆಳಗಿದರೆ ಯಾರೋ ಆಮೇಲೆ ಬಣ್ಣ ಹಚ್ಚಿದ್ದಾರೆಂದು ತಿಳಿ. ಆ ಅಕ್ಷರಗಳಿಲ್ಲದಿದ್ದರೆ ರೇಡಿಯಂ ಇರಬಹುದು. ಅದರ ಹೊಳಪು ಸತ್ತಿದ್ದರೂ ವಿಕಿರಣ ಸತ್ತಿರುವುದಿಲ್ಲ, ರೇಡಿಯಂನ ಅರ್ಧಾಯು ಸುಮಾರು 1,600 ವರ್ಷ. ಏನೇ ಆದರೂ ಮನೆಯಲ್ಲಿ ನೀನೇ ಬಿಚ್ಚಬೇಡ. ಉದುರಿದ ಪುಡಿ ಉಸಿರಿನೊಳಗೆ ಹೋಗಬಾರದು.

ಕೊಳ್ಳಬೇಡ ಎಂದು ನಾನು ಇನ್ನು ಹೇಳುವುದಿಲ್ಲ. ಭಾನುವಾರ ರಾತ್ರಿ ಹರಾಜು ಮುಗಿಯುವವರೆಗೆ ಎಚ್ಚರವಾಗಿರುತ್ತೇನೆ, ಮಾತಾಡಬೇಕೆನಿಸಿದರೆ ಫೋನ್ ಮಾಡು. ಈ ಲಕೋಟೆಯಲ್ಲಿ ರಿಪೇರಿಯವರು ಅಂದು ಬರೆದುಕೊಟ್ಟ ಚೀಟಿಯನ್ನೂ ಇಟ್ಟಿದ್ದೇನೆ. "ಸೆಕೆಂಡ್ ಮುಳ್ಳು ಮೂಲದ್ದಲ್ಲ, ಹಿಡಿತ ಸಡಿಲ" ಎಂದಿದೆ, ಕೆಳಗೆ ಮಂಗಳವಾರದ ತಾರೀಖು ಇದೆ.

ಇಂತಿ,
ನಿನ್ನ ಅಮ್ಮ