ಷೇರು ಪ್ರಮಾಣಪತ್ರಗಳ ದೋಷಪೂರಿತ ಮುದ್ರಣ ಹಾಗೂ ಖಾಲಿ ನಮೂನೆಗಳ ಲೆಕ್ಕ ಒಪ್ಪಿಸದಿರುವ ಬಗ್ಗೆ ದೂರು

ಇವರಿಂದ:
ಅಧ್ಯಕ್ಷರು, ರೈತ ಉತ್ಪಾದಕ ಕಂಪನಿ, ಹಾವೇರಿ ಜಿಲ್ಲೆ

ಇವರಿಗೆ:
ವ್ಯವಸ್ಥಾಪಕರು, ಷೇರು ದಾಖಲೆಗಳ ಮುದ್ರಣ ಸಂಸ್ಥೆ, ಬೆಂಗಳೂರು

ಮಾನ್ಯರೇ,

ನಮ್ಮ ರೈತ ಸದಸ್ಯರಿಗೆ ಹಂಚಿಕೆಯಾದ ಷೇರುಗಳ ಪ್ರಮಾಣಪತ್ರಗಳನ್ನು ಎಸ್‌ಎಚ್‌-1 (ಷೇರು ಪ್ರಮಾಣಪತ್ರಕ್ಕೆ ಕಾನೂನು ಗೊತ್ತುಪಡಿಸಿದ) ನಮೂನೆಯಲ್ಲಿ, ಕನ್ನಡ ಮತ್ತು ಇಂಗ್ಲಿಷ್ ಎರಡರಲ್ಲೂ ಮುದ್ರಿಸಿಕೊಡುವ ಕೆಲಸವನ್ನು ತಮಗೆ ವಹಿಸಿದ್ದೆವು. ತಾವು ಕಳುಹಿಸಿದ ಕಟ್ಟುಗಳನ್ನು ಸದಸ್ಯರ ರಿಜಿಸ್ಟರಿನೊಂದಿಗೆ ತಾಳೆ ನೋಡಿದ್ದು, ಇವನ್ನು ಸದಸ್ಯರಿಗೆ ವಿತರಿಸಲು ಸಾಧ್ಯವಿಲ್ಲವೆಂದು ತಿಳಿಸಬೇಕಾಗಿದೆ.

ನಾವು ನುಡಿ ತಂತ್ರಾಂಶದಲ್ಲಿ ಕೊಟ್ಟ ಪಟ್ಟಿಯನ್ನು ಯೂನಿಕೋಡ್‌ಗೆ ಬದಲಾಯಿಸುವಾಗ ಒತ್ತಕ್ಷರಗಳು ಬಿದ್ದುಹೋಗಿ, ಚನ್ನಮ್ಮ ಎಂಬ ಸದಸ್ಯೆ ‘ಚನಮ’ ಆಗಿದ್ದಾರೆ, ಫಕ್ಕೀರಪ್ಪ ‘ಫಕೀರಪ’ ಆಗಿದ್ದಾರೆ. ಕನ್ನಡ ಓದಬಲ್ಲವರೊಬ್ಬರು ಕರಡಿನ ಮೇಲೆ ಕಣ್ಣಾಡಿಸಿದ್ದರೂ ಇದು ಅಲ್ಲಿಯೇ ಸಿಕ್ಕಿಬೀಳುತ್ತಿತ್ತು. ಇದಕ್ಕಿಂತ ದೊಡ್ಡ ತಪ್ಪು ಪ್ರತಿ ಷೇರನ್ನೂ ಗುರುತಿಸುವ ವಿಶಿಷ್ಟ ಸಂಖ್ಯೆಗಳಲ್ಲಿದೆ. ಫೋಲಿಯೊ (ರಿಜಿಸ್ಟರಿನಲ್ಲಿ ಸದಸ್ಯರ ಖಾತೆ ಸಂಖ್ಯೆ) 214ರ ಷೇರುಗಳು 2131ರಿಂದ 2140ರವರೆಗೆ ಇದ್ದು, ಫೋಲಿಯೊ 215 ಮತ್ತೆ 2140ರಿಂದಲೇ ಆರಂಭವಾಗಿರುವುದರಿಂದ ಒಂದೇ ಷೇರಿಗೆ ಇಬ್ಬರು ಒಡೆಯರಾಗಿದ್ದಾರೆ. ಅಲ್ಲಿಂದ ಮುಂದಿನ ಪ್ರತಿಯೊಂದು ಪತ್ರದಲ್ಲೂ ಸಂಖ್ಯೆ ಒಂದರಷ್ಟು ಹಿಂದೆ ಬಿದ್ದಿದೆ. ಕಂಪನಿ ಕಾಯ್ದೆ 2013ರ 46ನೇ ಕಲಮಿನಂತೆ ಈ ಪತ್ರವೇ ಷೇರಿನ ಒಡೆತನಕ್ಕೆ ಮೇಲ್ನೋಟದ ಸಾಕ್ಷ್ಯವಾಗಿರುವಾಗ ಇದನ್ನು ಬರೀ ಅಚ್ಚಿನ ದೋಷವೆಂದು ತಳ್ಳಿಹಾಕುವಂತಿಲ್ಲ.

ನಿರ್ದೇಶಕರ ಸಹಿಯನ್ನು ಯಂತ್ರದ ಮೂಲಕ ಮುದ್ರಿಸಲು ನಿಯಮಗಳಲ್ಲಿ ಅವಕಾಶವಿದ್ದರೂ ರಬ್ಬರ್ ಸ್ಟಾಂಪಿಗೆ ಅವಕಾಶವಿಲ್ಲ. ತಾವು ಒತ್ತಿರುವುದು ರಬ್ಬರ್ ಸ್ಟಾಂಪನ್ನೇ. ಹಲವು ಪತ್ರಗಳಲ್ಲಿ ನೇರಳೆ ಶಾಯಿ ಹಿಂಬದಿಗೂ ಇಳಿದಿದೆ.

ನಮ್ಮ ಆಡಳಿತ ಮಂಡಳಿಯನ್ನು ನಿಜವಾಗಿ ಚಿಂತೆಗೀಡುಮಾಡಿರುವುದು ಖಾಲಿ ನಮೂನೆಗಳ, ಅಂದರೆ ಇನ್ನೂ ವಿವರ ತುಂಬದ ಪ್ರಮಾಣಪತ್ರದ ಹಾಳೆಗಳ ವಿಷಯ. ಷೇರು ಬಂಡವಾಳ ಮತ್ತು ಡಿಬೆಂಚರುಗಳ ನಿಯಮಗಳು, 2014ರ ಪ್ರಕಾರ ಇವುಗಳನ್ನು ಮಂಡಳಿಯ ನಿರ್ಣಯದ ಮೇಲೆ ಮಾತ್ರ ಮುದ್ರಿಸಬೇಕು, ಪ್ರತಿ ಹಾಳೆಗೂ ಯಂತ್ರದಿಂದ ಅನುಕ್ರಮ ಸಂಖ್ಯೆ ಬೀಳಬೇಕು, ಹಾಳೆಗಳೂ ಮುದ್ರಣದ ಅಚ್ಚುಗಳೂ ಕಾರ್ಯದರ್ಶಿಯ ಅಥವಾ ಮಂಡಳಿ ನೇಮಿಸಿದವರ ವಶದಲ್ಲಿರಬೇಕು. ಕಟ್ಟುಗಳಲ್ಲಿ ಅನುಕ್ರಮ ಸಂಖ್ಯೆ ಅಲ್ಲಲ್ಲಿ ಹಾರಿದೆ. ನಡುವಿನ ಹಾಳೆಗಳು ಮುದ್ರಣದಲ್ಲಿ ಕೆಟ್ಟವೆಂದು ತಮ್ಮ ಸಿಬ್ಬಂದಿ ಫೋನಿನಲ್ಲಿ ಹೇಳಿದರೇ ಹೊರತು, ಆ ಕೆಟ್ಟ ಹಾಳೆಗಳನ್ನು ಇದುವರೆಗೆ ತೋರಿಸಿಲ್ಲ. ಕಂಪನಿಯ ಹೆಸರಿರುವ ಖಾಲಿ ಹಾಳೆಯೂ ಆ ಸಹಿಯ ಸ್ಟಾಂಪೂ ಒಂದೇ ಕಡೆ ಬಿದ್ದಿದ್ದರೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು.

ಬಿಲ್ಲಿನಲ್ಲಿ ‘ಮುದ್ರಾಂಕ ಶುಲ್ಕ ಇತ್ಯಾದಿ’ ಎಂದು ಒಟ್ಟು ಮೊತ್ತವೊಂದನ್ನು ಹಾಕಿ, ಶುಲ್ಕ ಕಟ್ಟಿದ್ದಕ್ಕೆ ರಸೀದಿಯಾದ ಚಲನ್ ಲಗತ್ತಿಸಿಲ್ಲ. ಹೊಸ ಷೇರುಗಳ ಮೇಲಿನ ಶುಲ್ಕ ಶೇ. 0.005, ಅಂದರೆ ಹತ್ತು ಲಕ್ಷ ರೂಪಾಯಿಗೆ 50 ರೂಪಾಯಿ. ಉಳಿದದ್ದೆಲ್ಲ ಆ ‘ಇತ್ಯಾದಿ’ಯೊಳಗೆ ಅಡಗಿರಬೇಕು.

ಷೇರು ಹಂಚಿಕೆಯಾದ ಎರಡು ತಿಂಗಳೊಳಗೆ ಪ್ರಮಾಣಪತ್ರ ತಲುಪಿಸಬೇಕೆಂಬುದು ತಮಗೂ ಗೊತ್ತಿದೆ. ತಪ್ಪಿದರೆ ದಂಡ ತೆರಬೇಕಾದವರು ನಾವು. ಆದ್ದರಿಂದ ತಿದ್ದಿದ ಕರಡನ್ನು ಒಂದು ವಾರದೊಳಗೆ ನಮ್ಮ ಒಪ್ಪಿಗೆಗೆ ಕಳುಹಿಸಿ, ಹೆಚ್ಚುವರಿ ವೆಚ್ಚವಿಲ್ಲದೆ ಮರುಮುದ್ರಣ ಮಾಡಿಕೊಡಬೇಕು. ಚಲನ್ ಸಹಿತ ಹೊಸ ಬಿಲ್ ಬರುವವರೆಗೆ ಬಾಕಿ ಹಣ ಪಾವತಿಸಲಾಗುವುದಿಲ್ಲ. ಕೆಟ್ಟ ಹಾಗೂ ಉಳಿದ ಎಲ್ಲ ಹಾಳೆಗಳನ್ನು, ಅಚ್ಚು ಮತ್ತು ಸ್ಟಾಂಪಿನ ಸಮೇತ, ಸಂಖ್ಯಾವಾರು ಪಟ್ಟಿಯೊಂದಿಗೆ ಹಿಂದಿರುಗಿಸಬೇಕು. ಇವನ್ನು ಕೊರಿಯರ್ ಮೂಲಕ ಕಳುಹಿಸದೆ, ಮಂಡಳಿಯ ಅಧಿಕಾರಪತ್ರದೊಂದಿಗೆ ಬರುವ ನಮ್ಮ ಪ್ರತಿನಿಧಿಯ ಕೈಗೇ ಕೊಟ್ಟು ಸ್ವೀಕೃತಿ ಪಡೆಯಬೇಕಾಗಿ ಕೋರುತ್ತೇನೆ.

ತಮ್ಮ ವಿಶ್ವಾಸಿ,
ಅಧ್ಯಕ್ಷರು
(ಆಡಳಿತ ಮಂಡಳಿಯ ಪರವಾಗಿ)